ಮುಳ್ಳಿಲ್ಲದ ಸಿಲಿಂಡರ್

ಫೈರ್ ಇನ್‌ಸ್ಪೆಕ್ಷನ್ ಕಲಿಯಲು ಶುರುಮಾಡಿ ಮೂರನೇ ವಾರ. ಇವತ್ತು ಮೈಸೂರಿನ ಒಂದು ಕಲ್ಯಾಣ ಮಂಟಪ.

ಬೆಂಕಿ ಆರಿಸುವ ಒಂದು ಕೆಂಪು ಸಿಲಿಂಡರಿಗೆ ಮುಳ್ಳಿನ ಮೀಟರೇ ಇಲ್ಲ. "ಸಾರ್, ಗೇಜ್ ಕಿತ್ತುಹೋಗಿದೆ" ಎಂದು ಜೋರಾಗಿ ಹೇಳಿಬಿಟ್ಟೆ. ಸೀನಿಯರ್ ನಕ್ಕರು. ಅದು ಸಿಒ2, ಅಂದರೆ ಕಾರ್ಬನ್ ಡೈಆಕ್ಸೈಡ್ ತುಂಬಿದ್ದು. ಅದಕ್ಕೆ ಗೇಜ್ ಇರುವುದೇ ಇಲ್ಲ, ತೂಕ ಹಾಕಿಯೇ ನೋಡಬೇಕು. ಒಳಗಿನ ಗ್ಯಾಸ್ ನೂರಕ್ಕೆ 10ಕ್ಕಿಂತ ಜಾಸ್ತಿ ಸೋರಿದ್ದರೆ ಮತ್ತೆ ತುಂಬಿಸಬೇಕು.

ತಕ್ಕಡಿ ಎಲ್ಲಿ? ಅಡುಗೆಮನೆಯಲ್ಲಿ. ಈರನಗೆರೆ ಬದನೆಕಾಯಿ ಇಳಿಸಿ ಸಿಲಿಂಡರ್ ಇಟ್ಟೆವು. "ಇದನ್ನೂ ಹುಳಿಗೆ ಹಾಕೋದಾ ಸಾರ್?" ಎಂದರು ಅಡುಗೆಭಟ್ಟರು.

ಸಿಲಿಂಡರಿನ ಮೈಮೇಲೆ ಅಚ್ಚೊತ್ತಿದ್ದ ತೂಕಕ್ಕೂ ತಕ್ಕಡಿಗೂ ತಾಳೆಯಾಯಿತು. ಸದ್ಯ! ಇಷ್ಟು ದಿನ ಮೀಟರಿನ ಮುಳ್ಳು ಹಸಿರು ಭಾಗದಲ್ಲಿದ್ದರೆ ಸಾಕು ಅಂದುಕೊಂಡಿದ್ದೆ. ಎಷ್ಟೋ ಸಂಗತಿ ನೋಡಿದರೆ ಗೊತ್ತಾಗುವುದಿಲ್ಲ, ಎತ್ತಿಯೇ ನೋಡಬೇಕು, ಅಲ್ವಾ? ಕೆಲವು ಮನುಷ್ಯರೂ ಹಾಗೇ. ಇರಲಿ ಬಿಡಿ.

ಆಮೇಲೆ ಊಟದ ಹಾಲ್. ತುರ್ತು ಬಾಗಿಲಿನ ಮೇಲೆ ಹಸಿರು ಬೋರ್ಡ್ ಚೆನ್ನಾಗಿ ಹೊಳೆಯುತ್ತಿತ್ತು. ಬಾಗಿಲಿಗೆ ಮಾತ್ರ ಬೀಗ.

"ಯಾಕ್ರೀ?" ಎಂದು ಮಂಟಪದವರನ್ನು ಕೇಳಿದೆವು.

"ಚಪ್ಪಲಿ ಕಳ್ಳರು ಸಾರ್, ಹಿಂದಿನಿಂದ ನುಗ್ಗುತ್ತಾರೆ."

"ಕೀ ಯಾರ ಹತ್ತಿರ ಇದೆ?"

"ನಮ್ಮ ಹುಡುಗನ ಹತ್ತಿರ ಸಾರ್. ಮದ್ದೂರಿಗೆ ಹೋಗಿದ್ದಾನೆ."