ದುಡ್ಡಿದ್ದವರ ಮಕ್ಕಳಿಗೆ ಎಂತ ಕಷ್ಟ?

ಮುಂಬಯಿಯ ಮಾಟುಂಗದಲ್ಲಿರುವ ಕನ್ನಡಿಗರ ಸಂಸ್ಥೆ ಮೈಸೂರು ಅಸೋಸಿಯೇಷನ್ನಿನಲ್ಲಿ ಕಾರ್ಯಕ್ರಮ ಮುಗಿದು ಕಾಫಿ ಲೋಟ ಹಿಡಿದು ನಿಂತಾಗ ಹಿರಿಯರು ಯಾರಾದರೂ ನನ್ನ ಉದ್ಯೋಗ ವಿಚಾರಿಸುತ್ತಾರೆ. ಉಪನಗರದ ಇಂಟರ್‌ನ್ಯಾಷನಲ್ ಶಾಲೆಯೊಂದರಲ್ಲಿ ಆಪ್ತಸಮಾಲೋಚಕಿಯಾಗಿದ್ದೇನೆ ಎಂದರೆ ಸಾಕು, "ಅಷ್ಟು ಫೀಸು ಕೊಡುವವರ ಮಕ್ಕಳಿಗೆ ಎಂತ ಕಷ್ಟ ಮಾರಾಯ್ತಿ?" ಎಂಬ ಪ್ರಶ್ನೆ ಬಂದೇ ಬರುತ್ತದೆ. ಇದನ್ನು ನಾನು ಕುಹಕವೆಂದು ಎಂದೂ ಭಾವಿಸಿಲ್ಲ. ಹಾಗೆ ಕೇಳಿದವರಲ್ಲಿ ಕೆಲವರು ಹದಿಮೂರು-ಹದಿನಾಲ್ಕರ ವಯಸ್ಸಿನಲ್ಲಿ ಊರು ಬಿಟ್ಟು ಬಂದು, ಹಗಲು ಫೋರ್ಟಿನ ಹೋಟೆಲುಗಳಲ್ಲಿ ಕಪ್ಪು-ಬಸಿ ತೊಳೆದು, ರಾತ್ರಿ ಕನ್ನಡ ಶಾಲೆಯ ಬೆಂಚಿನಲ್ಲಿ ತೂಕಡಿಸುತ್ತಲೇ ಮೆಟ್ರಿಕ್ ಮುಗಿಸಿದವರು. ಅವರಿಗೆ ನಿಂತಲ್ಲಿಯೇ ಕೊಟ್ಟ ಉತ್ತರಗಳು ನನಗೇ ಸಾಲದೆ ಹೋದುದರಿಂದ ಇಲ್ಲಿ ಕೊಂಚ ವಿವರವಾಗಿ ಬರೆಯುತ್ತಿದ್ದೇನೆ.

ಯಾರ ಕಷ್ಟ ದೊಡ್ಡದು ಎಂದು ತೂಗಿ ನೋಡುವುದು ನನ್ನ ಕೆಲಸವಲ್ಲ. ಗಣಿತದ ಅಧ್ಯಾಪಕರಿಗೆ ಗಣಿತ, ನರ್ಸಿಗೆ ಜ್ವರ, ಬಸ್ಸಿನ ಅಟೆಂಡರಿಗೆ ಹತ್ತಿಳಿಯುವ ಮಕ್ಕಳ ಲೆಕ್ಕ ಹೀಗೆ ಒಬ್ಬೊಬ್ಬರಿಗೂ ಮಗುವಿನ ಒಂದೊಂದು ತುಂಡು ಕಾಣುತ್ತಿರುತ್ತದೆ. ಆ ತುಂಡುಗಳನ್ನು ಒಂದೆಡೆ ಇಟ್ಟು ನೋಡಲು ಒಬ್ಬರು ಬೇಕು. ಒಂದು ಉದಾಹರಣೆ ಕೊಡುತ್ತೇನೆ. ಮಗುವಿನ ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.

ನಮ್ಮ ಸಿಕ್ ರೂಮಿನಲ್ಲಿ ನೀಲಿ ರಟ್ಟಿನ ಒಂದು ರಿಜಿಸ್ಟರ್ ಇದೆ. ಬಂದ ಮಗುವಿನ ಹೆಸರು, ತರಗತಿ, ಸಮಯ, ತೊಂದರೆ, ಕೊಟ್ಟ ಔಷಧ ಎಂದು ಐದು ಕಾಲಮ್ಮುಗಳು. ಒಂದು ಶುಕ್ರವಾರ ಪುಟ ತಿರುವುತ್ತಿದ್ದಾಗ ಏಳನೆಯ ತರಗತಿಯ ಹುಡುಗಿಯೊಬ್ಬಳ ಹೆಸರು ನಾಲ್ಕು ವಾರಗಳಲ್ಲಿ ನಾಲ್ಕು ಸಲ ಕಂಡಿತು. ನಾಲ್ಕೂ ಗುರುವಾರ, ನಾಲ್ಕೂ ಸಲ ಹತ್ತೂ ಮುಕ್ಕಾಲರ ಸುಮಾರಿಗೆ, ತೊಂದರೆ ಹೊಟ್ಟೆನೋವು. ಔಷಧದ ಕಾಲಮ್ಮಿನಲ್ಲಿ ಒಮ್ಮೆ ನಿಂಬೆ ಶರಬತ್ತು, ಮೂರು ಸಲ 'ವಿಶ್ರಾಂತಿ' ಎಂದಿತ್ತು. ಮನೆಯವರು ಆಗಲೇ ಮಕ್ಕಳ ವೈದ್ಯರಿಗೆ ತೋರಿಸಿ, ಸ್ಕ್ಯಾನಿಂಗ್ ಮಾಡಿಸಿ, ಏನೂ ಇಲ್ಲವೆಂದು ತಿಳಿದು ಅವಳನ್ನು ಗದರಿಯೂ ಆಗಿತ್ತು.

ಗುರುವಾರ ಹನ್ನೊಂದಕ್ಕೆ ಆ ತರಗತಿಗೆ ವಿಜ್ಞಾನದ ಪ್ರಯೋಗವಿರುತ್ತಿತ್ತು. ಪ್ರಯೋಗವೆಂದರೆ ಭಯವೇನೋ ಎಂದು ನಾನು ಮೊದಲು ಊಹಿಸಿದ್ದು ತಪ್ಪಾಗಿತ್ತು. ಅವಳಿಗೆ ವಿಜ್ಞಾನವೆಂದರೆ ಅಚ್ಚುಮೆಚ್ಚು. ಮುಂದಿನ ಗುರುವಾರ ಹಿಂದಿನ ಬೆಂಚಿನಲ್ಲಿ ಕುಳಿತು ನೋಡಿದೆ. "ನಿಮ್ಮ ನಿಮ್ಮ ಜೊತೆಗಾರರನ್ನು ಆರಿಸಿಕೊಳ್ಳಿ" ಎಂದು ಅಧ್ಯಾಪಕರು ಹೇಳಿದ್ದೇ ತಡ, ಅರೆನಿಮಿಷದಲ್ಲಿ ಒಂಬತ್ತು ಜೋಡಿಗಳಾದವು. ತರಗತಿಯಲ್ಲಿದ್ದವರು ಹತ್ತೊಂಬತ್ತು ಮಂದಿ. ತಿಂಗಳ ಹಿಂದೆ ಇಪ್ಪತ್ತಿದ್ದರು; ಇಪ್ಪತ್ತನೆಯವಳು ತಂದೆಗೆ ವರ್ಗವಾಗಿ ನಡುವರ್ಷದಲ್ಲೇ ಸಿಂಗಪುರಕ್ಕೆ ಹೊರಟುಹೋಗಿದ್ದಳು, ಮತ್ತು ಅವಳೇ ಈ ಹುಡುಗಿಯ ಜೊತೆಗಾತಿಯಾಗಿದ್ದಳು. ಪ್ರತಿ ವಾರವೂ ಇಡೀ ತರಗತಿಯ ಕಣ್ಣೆದುರು ಒಂಟಿಯಾಗಿ ನಿಲ್ಲುವುದಕ್ಕಿಂತ ಹೊಟ್ಟೆನೋವು ಬರುವುದೇ ವಾಸಿ ಎಂದು ಅವಳ ದೇಹ ತೀರ್ಮಾನಿಸಿದಂತಿತ್ತು. ಅದು ನಟನೆಯಲ್ಲ, ನೋವು ನಿಜವಾಗಿಯೂ ಬರುತ್ತಿತ್ತು. ಅಧ್ಯಾಪಕರು ಜೋಡಿಗಳ ಪಟ್ಟಿಯನ್ನು ತಾವೇ ಬರೆದು ಬಾಗಿಲಿಗೆ ಅಂಟಿಸತೊಡಗಿದರು, ಅದರಲ್ಲಿ ಒಂದು ಗುಂಪು ಮೂವರದಾಯಿತು. ನಾನು ಅವಳೊಂದಿಗೆ ಮಾತನಾಡಿದ್ದು ಎರಡೇ ಸಲ, ಅದೂ ಹೆಚ್ಚಾಗಿ ಸಿಂಗಪುರಕ್ಕೆ ಹೋದ ಗೆಳತಿಯ ವಿಷಯ.

ಇಂತಹ ಶಾಲೆಗಳ ವಿಶೇಷ ಕಷ್ಟವೇ ಇದು. ಕಂಪನಿ, ದೂತಾವಾಸಗಳ ವರ್ಗಾವಣೆಯಿಂದ ಬರುವ ಮಕ್ಕಳು ಎರಡು ಮೂರು ವರ್ಷಕ್ಕೊಮ್ಮೆ ಊರು ಬದಲಿಸುತ್ತಾರೆ; ಬಿಟ್ಟು ಹೋಗುವವರಷ್ಟೇ ಉಳಿದುಹೋಗುವವರೂ ನೋಯುತ್ತಾರೆ. ಹೊರಡುವವರಿಗೆ ಬೀಳ್ಕೊಡುಗೆಯ ಕೇಕ್ ಇರುತ್ತದೆ, ಉಳಿಯುವವರಿಗೆ ಅದೂ ಇಲ್ಲ.

ಕಲಿಕೆಯ ತೊಂದರೆಗಳದ್ದು ಬೇರೆಯ ಕಥೆ. ಡಿಸ್ಲೆಕ್ಸಿಯಾ, ಅಂದರೆ ಅಕ್ಷರ ಓದಿ ಬರೆಯುವುದೇ ಕಷ್ಟವಾಗುವ ತೊಂದರೆ ಇರುವ ಮಗುವಿಗೆ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ಸಿಗುತ್ತದೆ, ಸಾಮಾನ್ಯವಾಗಿ ಶೇಕಡ 25ರಷ್ಟು. ಕಲಿಕಾ ನ್ಯೂನತೆಯನ್ನು 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯೂ ಅಂಗವೈಕಲ್ಯಗಳ ಪಟ್ಟಿಯಲ್ಲಿ ಸೇರಿಸಿದೆ. ಮುಂಬಯಿಯಲ್ಲಿ ಈ ನ್ಯೂನತೆಯ ತಪಾಸಣೆಗೆ ಹೆಸರಾದ ಕೇಂದ್ರಗಳಲ್ಲೊಂದು ಮಾಟುಂಗದ ಪಕ್ಕದ ಸಯನ್ನಿನಲ್ಲಿರುವ ಮುನಿಸಿಪಾಲಿಟಿಯ ಲೋಕಮಾನ್ಯ ತಿಲಕ್ ಆಸ್ಪತ್ರೆ. ಲಕ್ಷಗಟ್ಟಲೆ ಫೀಸು ಕಟ್ಟುವವರಿಗೆ ಆ ಸಾಲಿನಲ್ಲಿ ನಿಲ್ಲುವುದು ಅವಮಾನವೆನಿಸುತ್ತದೆ. ನನಗಂತೂ ಈ ನಗರದಲ್ಲಿ ಎಲ್ಲರ ಮಕ್ಕಳೂ ಒಂದೇ ಬೆಂಚಿನಲ್ಲಿ ಕೂರುವ ಅಪರೂಪದ ಜಾಗ ಅದು ಎನಿಸುತ್ತದೆ.

ಪಾಠದಾಚೆಯ ಚಟುವಟಿಕೆಗಳ ಬಗ್ಗೆಯೂ ಕೇಳುತ್ತಾರೆ: "ಕುದುರೆ ಸವಾರಿ, ಪಿಯಾನೊ, ಅದೆಲ್ಲ ಶೋಕಿಯಲ್ಲವೇ?" ಸ್ವಲ್ಪ ಮಟ್ಟಿಗೆ ಹೌದು. ಇಂತಹ ಶಾಲೆಗಳ ಕೊನೆಯ ಎರಡು ವರ್ಷಗಳ ಐಬಿ (ಇಂಟರ್‌ನ್ಯಾಷನಲ್ ಬ್ಯಾಕಲೋರಿಯೇಟ್) ಡಿಪ್ಲೊಮಾದಲ್ಲಿ ಆರು ವಿಷಯಗಳಿಗೆ ತಲಾ 7ರಂತೆ 42, ಸುದೀರ್ಘ ಪ್ರಬಂಧ ಮತ್ತು ಜ್ಞಾನಮೀಮಾಂಸೆಗೆ ಸೇರಿ 3, ಒಟ್ಟು 45 ಅಂಕಗಳು. ಇವಲ್ಲದೆ ಸೃಜನಶೀಲತೆ, ದೈಹಿಕ ಚಟುವಟಿಕೆ, ಸೇವೆ ಎಂಬ ಮೂರನ್ನು ಸೇರಿಸಿ ಸಿಎಎಸ್ ಎಂದು ಕರೆಯುವ ಒಂದು ಭಾಗವಿದೆ. ಹದಿನೆಂಟು ತಿಂಗಳು ನಡೆಯುವ ಇದಕ್ಕೆ ಒಂದೂ ಅಂಕವಿಲ್ಲ, ಆದರೆ ಇದನ್ನು ಮುಗಿಸದಿದ್ದರೆ ಡಿಪ್ಲೊಮಾ ಸಿಗುವುದಿಲ್ಲ. ಮುನಿಸಿಪಲ್ ಶಾಲೆಯ ಗೋಡೆಗೆ ಬಣ್ಣ ಬಳಿದು, ಅಲ್ಲಿಯ ಮಕ್ಕಳ ಜೊತೆ ಫೋಟೊ ತೆಗೆಸಿಕೊಂಡು, ಮತ್ತೆ ಆ ಕಡೆ ತಲೆ ಹಾಕದ 'ಸೇವೆ'ಗಳನ್ನು ನಾನು ಸಾಕಷ್ಟು ನೋಡಿದ್ದೇನೆ. ಗೋಡೆಗೆ ಆಗಲೇ ಮೂರು ಪದರ ಬಣ್ಣವಿರುತ್ತದೆ.

ಆದರೆ ಡೊಂಬಿವಿಲಿಯಲ್ಲಿ ಯಕ್ಷಗಾನ ಕಲಿಯುತ್ತಿದ್ದ ಹುಡುಗನೊಬ್ಬನಿದ್ದ. ಇದು ಸಿಎಎಸ್ ಲೆಕ್ಕಕ್ಕೆ ಬರುತ್ತದೆಯೇ ಎಂದು ಕೇಳಲು ಅವನಿಗಿಂತ ಹೆಚ್ಚು ಸಂಕೋಚದಿಂದ ಬಂದವರು ಅವನ ತಾಯಿ. ಶಾಲೆಯಲ್ಲಿ ಮಗ ಕನ್ನಡದವನೆಂಬುದೇ ಯಾರಿಗೂ ತಿಳಿದಿರಲಿಲ್ಲವಂತೆ. ಅವಶ್ಯ ಬರುತ್ತದೆ ಎಂದೆ. ಚಟುವಟಿಕೆಯ ಜೊತೆಗೆ ಆತ್ಮಾವಲೋಕನದ ಟಿಪ್ಪಣಿ ಬರೆಯಬೇಕು. ಹೆಚ್ಚಿನವರು 'ನಾಯಕತ್ವ ಕಲಿತೆ' ಎಂದು ತೋಚಿದ್ದು ಗೀಚುತ್ತಾರೆ. ಇವನು ಬರೆದದ್ದು ಇಷ್ಟು: ಧೀಂಗಿಣದಲ್ಲಿ (ಗಿರಗಿರನೆ ಸುತ್ತುವ ಕುಣಿತದಲ್ಲಿ) ತಾಳ ತಪ್ಪಿದೆ, ಭಾಗವತರು ನಿಲ್ಲಿಸಲಿಲ್ಲ, ಚೆಂಡೆಯವರು ನನ್ನ ಕಾಲು ನೋಡುತ್ತ ಒಂದು ಆವರ್ತ ಹೆಚ್ಚು ಬಾರಿಸಿ ನನ್ನನ್ನು ಮತ್ತೆ ತಾಳಕ್ಕೆ ಎತ್ತಿಕೊಂಡರು, ಸಭೆಗೆ ಗೊತ್ತಾಗಲಿಲ್ಲ. ಇದೇ ಹುಡುಗ ಗಣಿತದಲ್ಲಿ ಹಿಂದೆ ಬಿದ್ದು ಯಾರಿಗೂ ಹೇಳದೆ ಒದ್ದಾಡುತ್ತಿದ್ದ. ಆ ಟಿಪ್ಪಣಿ ಓದಿದ ಮೇಲೆ ಅವನೊಂದಿಗೆ ಗಣಿತದ ಮಾತೆತ್ತುವುದು ನನಗೆ ಸುಲಭವಾಯಿತು.

ಮಕ್ಕಳು ನನ್ನೆದುರು ಹೇಳಿದ್ದನ್ನು ಪೋಷಕರಿಗೆ ಒಪ್ಪಿಸುವುದಿಲ್ಲ. ಜೀವಕ್ಕೆ ಅಪಾಯವಿದ್ದರೆ ಮಾತ್ರ ಮಾತು ಬೇರೆ. ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರೆ 2012ರ ಪೋಕ್ಸೊ ಕಾಯಿದೆಯಂತೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಇದನ್ನು ಮೊದಲ ದಿನವೇ ಮಗುವಿಗೂ ಮನೆಯವರಿಗೂ ಹೇಳಿಬಿಡುತ್ತೇನೆ.

ಇನ್ನು ಹಿರಿಯರ ಪ್ರಶ್ನೆಯಲ್ಲಿರುವ ನ್ಯಾಯವನ್ನು ಒಪ್ಪಲೇಬೇಕು. ನಮ್ಮ ಶಾಲೆಯಲ್ಲಿ ಮೂವರು ಆಪ್ತಸಮಾಲೋಚಕರಿದ್ದರೆ, ನಾಲ್ಕು ಬೀದಿ ಆಚೆಯ ಮುನಿಸಿಪಲ್ ಶಾಲೆಯಲ್ಲಿ ಒಬ್ಬರೂ ಇಲ್ಲ. ಅಲ್ಲಿಯ ಮಕ್ಕಳಿಗೆ ಹೊಟ್ಟೆನೋವು ಬಂದರೆ ರಿಜಿಸ್ಟರಿನಲ್ಲಿ ಬರೆದುಕೊಳ್ಳುವವರೂ ಇಲ್ಲ. ಮಾನಸಿಕ ಆರೋಗ್ಯಕ್ಕಾಗಿ ಸರ್ಕಾರ ನಡೆಸುವ ಉಚಿತವಾದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೂ ಮಾತನಾಡಬಹುದು ಎಂಬುದನ್ನು ಕಂಡವರಿಗೆಲ್ಲ ಹೇಳುತ್ತಿರುತ್ತೇನೆ. ಆದರೆ ಪಕ್ಕದಲ್ಲಿರುವ ಮನುಷ್ಯನ ಜಾಗವನ್ನು ಫೋನು ತುಂಬಲಾರದು.

ಇಷ್ಟು ಹೇಳಿದ ಮೇಲೆ ಎಳೆಯ ತಂದೆತಾಯಿಯರು ತಮ್ಮ ಮಗುವನ್ನು ಇಂತಹ ಶಾಲೆಗೆ ಸೇರಿಸಬಹುದೇ ಎಂದು ಕೇಳುತ್ತಾರೆ. ಸೇರಿಸುವುದು ಬಿಡುವುದು ಅವರಿಗೆ ಬಿಟ್ಟದ್ದು. ಶಾಲೆ ನೋಡಲು ಹೋದಾಗ ಈಜುಕೊಳ ತೋರಿಸಿ ಮುಗಿದ ಬಳಿಕ ಎರಡು ಪ್ರಶ್ನೆ ಕೇಳಿ ಎನ್ನುತ್ತೇನೆ. ಮಕ್ಕಳ ಮನಸ್ಸಿನ ಕೆಲಸ ನೋಡುವವರೂ ವಿದೇಶಿ ವಿಶ್ವವಿದ್ಯಾಲಯಗಳ ಅರ್ಜಿ ನೋಡುವವರೂ ಒಬ್ಬರೆಯೇ? ಒಬ್ಬರೇ ಆದರೆ ಅಕ್ಟೋಬರಿನಿಂದ ಜನವರಿಯವರೆಗೆ ಅರ್ಜಿಗಳ ಕೊನೆಯ ದಿನಾಂಕಗಳೇ ಅವರನ್ನು ನುಂಗಿಬಿಡುತ್ತವೆ, ಏಳನೆಯ ತರಗತಿಯ ಹೊಟ್ಟೆನೋವಿಗೆ ಪುರಸೊತ್ತು ಇರುವುದಿಲ್ಲ. ಎರಡನೆಯದು, ನನ್ನ ಮಗು ಮೂರು ದಿನ ಮಧ್ಯಾಹ್ನ ಒಬ್ಬನೇ ಕುಳಿತು ಊಟ ಮಾಡಿದರೆ ನಿಮ್ಮಲ್ಲಿ ಅದು ಯಾರಿಗೆ, ಎಷ್ಟನೆಯ ದಿನ ಗೊತ್ತಾಗುತ್ತದೆ? ಇದಕ್ಕೆ ಆ್ಯಪ್ ತೆರೆದು ತೋರಿಸುವ ಶಾಲೆಗಳಿವೆ. ತುಸು ಯೋಚಿಸಿ, ಊಟದ ಹಾಲಿನಲ್ಲಿ ಬಡಿಸುವ ಅಕ್ಕನನ್ನು ಹೆಸರು ಹಿಡಿದು ಕರೆದ ಶಾಲೆಯೂ ಒಂದಿದೆ.