ಮಣಿಕಟ್ಟಿನ ಗಂಟು ಮತ್ತು ಅತ್ತೆಯ ಸೇರು

ಫೆಬ್ರುವರಿ 18, 2025, ಮಂಗಳವಾರ
ಸುಂಟಿಕೊಪ್ಪ

ಇವತ್ತು ಕಣಕ್ಕೆ ಹೋಗಲಿಲ್ಲ. ರೋಬಸ್ಟಾ ಕಾಫಿ ಕುಯ್ಲಿನ ಹೊತ್ತಲ್ಲಿ ರಜೆ ಅಂದರೆ ನಮ್ಮ ಮನೆಯಲ್ಲಿ ಸಣ್ಣ ಮಾತಲ್ಲ. ಬೆಳಗ್ಗೆ ಬಸ್ಸು ಹತ್ತಿ ಮಡಿಕೇರಿಗೆ ಹೋಗಿ ಕೈ ತೋರಿಸಿಕೊಂಡು ಬಂದೆ.

ಬಲಗೈ ಮಣಿಕಟ್ಟಿನ ಮೇಲೆ ಗಂಟು ಕಂಡಿದ್ದು ದೀಪಾವಳಿ ಕಳೆದ ಮೇಲೆ. ಆಗ ಮೆಣಸಿನ ಕಾಳಷ್ಟಿತ್ತು. ಈಗ ಕಾಫಿ ಹಣ್ಣಿನಷ್ಟಾಗಿದೆ. ವಿಚಿತ್ರ ಅಂದರೆ ಕೆಲವು ದಿನ ಚಿಕ್ಕದಾಗುತ್ತದೆ, ಕಣದಲ್ಲಿ ಕಾಫಿ ಕೆದಕಿದ ದಿನ ಮತ್ತೆ ಉಬ್ಬುತ್ತದೆ. ಸುಮ್ನಿದ್ದರೆ ನೋವಿಲ್ಲ. ನೆಲಕ್ಕೆ ಕೈಯೂರಿ ಏಳುವಾಗ ಮಾತ್ರ ಚುರುಕ್ ಅನ್ನುತ್ತದೆ.

ರಾತ್ರಿ ಮಲಗಿದರೆ ಒಂದೇ ಯೋಚನೆ. ಗಂಟು ಅಂದ ಕೂಡಲೇ ಮನಸ್ಸು ಹೋಗುವುದು ಆ ದೊಡ್ಡ ಕಾಯಿಲೆಯ ಕಡೆಗೇ ಅಲ್ವಾ?

ಡಾಕ್ಟರ್ ಅದನ್ನು ಒತ್ತಿ ನೋಡಿದರು. ಆಮೇಲೆ ಲೈಟ್ ಆರಿಸಿ, ಗಂಟಿನ ಪಕ್ಕಕ್ಕೆ ಸಣ್ಣ ಟಾರ್ಚ್ ಹಿಡಿದರು. ಗಂಟು ಒಳಗಿನಿಂದಲೇ ಬೆಳಗಿತು! ಒಳಗೆ ಗಟ್ಟಿ ಮಾಂಸ ಇದ್ದರೆ ಹೀಗೆ ಬೆಳಕು ದಾಟುವುದಿಲ್ಲವಂತೆ. ‘ಗ್ಯಾಂಗ್ಲಿಯಾನ್ ಸಿಸ್ಟ್ ಅಮ್ಮ, ಇದು ಕ್ಯಾನ್ಸರ್ ಅಲ್ಲ, ಮುಂದೆ ಆಗುವುದೂ ಇಲ್ಲ’ ಅಂದರು. ಆಗಲೇ ಅರ್ಧ ನೋವು ಹೋಯಿತು.

ಮಣಿಕಟ್ಟಿನ ಸಣ್ಣ ಮೂಳೆಗಳ ಸಂದಿಯಿಂದ ತೊಟ್ಟಿನಂಥ ದಾರಿಯೊಂದು ಹೊರಟು, ಅದರ ತುದಿಯಲ್ಲಿ ಚೀಲ ಕಟ್ಟಿಕೊಳ್ಳುತ್ತದೆ. ಒಳಗಿರುವುದು ನೀರಲ್ಲ, ಲೋಳೆ. ಕಾಫಿ ಹಣ್ಣು ಹಿಸುಕಿದಾಗ ಬೀಜಕ್ಕೆ ಅಂಟಿಕೊಂಡಿರುತ್ತದಲ್ಲ, ಅದಕ್ಕಿಂತ ಮಂದ. 20ರಿಂದ 40 ವಯಸ್ಸಿನವರಲ್ಲಿ, ಅದರಲ್ಲೂ ಹೆಂಗಸರಲ್ಲಿ ಜಾಸ್ತಿಯಂತೆ. ‘ಕಣದ ಕೆಲಸದಿಂದಲೇ ಬಂತಾ?’ ಅಂತ ಕೇಳಿದೆ. ಹಾಗೆ ಖಚಿತವಾಗಿ ಹೇಳಲಾಗದು, ಆದರೆ ಕೈಗೆ ಕೆಲಸ ಜಾಸ್ತಿಯಾದರೆ ಉಬ್ಬುವುದು ನಿಜ ಅಂದರು. ಕೆಲಸ ತಪ್ಪಿಸಲು ಒಳ್ಳೆಯ ನೆಪ ಕೈತಪ್ಪಿತು.

ಮದ್ದೇನು? ಸದ್ಯಕ್ಕೆ ಏನೂ ಇಲ್ಲ. ಹೆಚ್ಚು ಕಡಿಮೆ ಅರ್ಧದಷ್ಟು ಗಂಟುಗಳು ತಾವಾಗಿಯೇ ಕರಗುತ್ತವೆ, ಅದಕ್ಕೆ ತಿಂಗಳುಗಳು, ಕೆಲವೊಮ್ಮೆ ವರ್ಷಗಳೇ ಬೇಕು. ನೋವಿದ್ದಾಗ ಪಟ್ಟಿ ಕಟ್ಟಿ ಕೈಗೆ ವಿಶ್ರಾಂತಿ ಕೊಡಬೇಕು. ಹಾಗಂತ ದಿನವಿಡೀ ಕಟ್ಟಿಕೊಂಡೇ ಇರಬಾರದು, ಕೈಯ ಬಲ ಕುಗ್ಗುತ್ತದೆ. ಸೂಜಿ ಹಾಕಿ ಲೋಳೆ ಎಳೆಯಬಹುದು, ಆದರೆ ತೊಟ್ಟು ಒಳಗೇ ಉಳಿಯುವುದರಿಂದ ಅರ್ಧಕ್ಕಿಂತ ಜಾಸ್ತಿ ಜನರಿಗೆ ಮತ್ತೆ ತುಂಬಿಕೊಳ್ಳುತ್ತದೆ. ಆಪರೇಷನ್‌ನಲ್ಲಿ ತೊಟ್ಟನ್ನೂ ತೆಗೆಯುತ್ತಾರೆ. ಆಗ ಮರಳಿ ಬರುವುದು ಕಡಿಮೆ, ಬರುವುದೇ ಇಲ್ಲ ಅಂತಲ್ಲ. ಗಾಯದ ಗುರುತು ಉಳಿಯುತ್ತದೆ, ಕೆಲವು ವಾರ ಭಾರ ಎತ್ತುವಂತಿಲ್ಲ. ಕುಯ್ಲಿನ ಕಾಲದಲ್ಲಿ ಅದನ್ನು ಮನೆಯಲ್ಲಿ ಹೇಳುವ ಧೈರ್ಯ ನನಗಂತೂ ಇಲ್ಲ.

ಬೆರಳು ಜೋಮು ಹಿಡಿದರೆ, ಹಿಡಿತ ಸಡಿಲವಾದರೆ, ಗಂಟು ಬೇಗ ಬೇಗ ಬೆಳೆದರೆ ಅಥವಾ ಕೆಂಪಾಗಿ ಬಿಸಿಯಾದರೆ ತಡಮಾಡದೆ ಬರಬೇಕಂತೆ.

ಮನೆಗೆ ಬಂದು ಹೇಳಿದರೆ ಅತ್ತೆಗೆ ನಂಬಿಕೆಯೇ ಇಲ್ಲ. ‘ಅಷ್ಟು ದುಡ್ಡು ಕೊಟ್ಟು ಏನೂ ಮಾಡಬೇಡ ಅಂತ ಹೇಳಿಸಿಕೊಂಡು ಬಂದ್ಯಾ?’ ಅಂದರು. ಅವರಿಗೂ ಹುಡುಗಿಯಾಗಿದ್ದಾಗ ಹೀಗೇ ಆಗಿತ್ತಂತೆ. ಅವರಣ್ಣ ಅಕ್ಕಿ ಅಳೆಯುವ ಹಿತ್ತಾಳೆ ಸೇರಿನಿಂದ ಒಂದು ಏಟು ಹಾಕಿದ್ದೇ ತಡ, ಗಂಟು ಮಾಯ. ಬೇರೆ ದೇಶಗಳಲ್ಲಿ ದಪ್ಪ ಬೈಬಲಿನಿಂದ ಹೊಡೆಯುತ್ತಿದ್ದರು, ಅದಕ್ಕೇ ಇದಕ್ಕೆ ‘ಬೈಬಲ್ ಬಂಪ್’ ಅನ್ನುವ ಹೆಸರೂ ಇದೆ. ಚೀಲವೇನೋ ಒಡೆಯುತ್ತದೆ. ಜೊತೆಗೆ ಮೂಳೆಗೂ ನರಕ್ಕೂ ಪೆಟ್ಟಾದರೆ?

‘ಮತ್ತೆ ಬರಲಿಲ್ವಾ ಅತ್ತೆ?’

‘ಬಂತು. ಮುಂದಿನ ಕುಯ್ಲಿಗೆ.’

ಸಂಜೆ ಮಗ ಮೊಬೈಲ್ ಟಾರ್ಚ್ ಹಿಡಿದು ಮೂರು ಸಲ ಗಂಟು ಬೆಳಗಿಸಿ ನೋಡಿದ. ರಾತ್ರಿ ಅಕ್ಕಿ ರೊಟ್ಟಿಯನ್ನು ಯಜಮಾನರೇ ತಟ್ಟಿದರು. ಒಂದೂ ದುಂಡಗೆ ಬರಲಿಲ್ಲ. ನಾಳೆ ಪಟ್ಟಿ ಕಟ್ಟಿಕೊಂಡು ಕಣಕ್ಕೆ ಹೋಗಬೇಕು. ಅತ್ತೆ ಮಲಗಲು ಹೋದರು. ಸೇರು ಮಾತ್ರ ಇನ್ನೂ ಅಕ್ಕಿ ಡಬ್ಬದ ಹೊರಗೇ ಇದೆ.