ಫ್ರೀಜರ್‌ನಲ್ಲಿ ರೇಷ್ಮೆ ಸೀರೆ

ಕಾಶಿಯ ಲಾಡ್ಜ್‌ನಲ್ಲಿ ಹಾಸಿಗೆಯ ಹೊಲಿಗೆಗುಂಟ ಕಪ್ಪು ಚುಕ್ಕೆಗಳಿದ್ದವು. ತಿಗಣೆಯ ಹಿಕ್ಕೆ! ಮೈಸೂರಿಗೆ ಬಂದ ಮೇಲೆ ಸೂಟ್‌ಕೇಸ್ ಬಾಲ್ಕನಿ ದಾಟಲಿಲ್ಲ. "ಬಿಸಿಲಿಗೆ ಇಡಮ್ಮ, ಸಾಯುತ್ತವೆ" ಅಂದರು ಅತ್ತೆ. ನಮ್ಮೂರ ಬಿಸಿಲು ಸಾಲದು ಅತ್ತೆ. ಬಟ್ಟೆಯ ಮಡಿಕೆಯ ಒಳಗೂ 50 ಡಿಗ್ರಿ ಬಿಸಿ ತಾಗಬೇಕು, ಇಲ್ಲದಿದ್ದರೆ ಅವು ಆರಾಮಾಗಿ ಕೂತಿರುತ್ತವೆ.

ಹತ್ತಿ ಬಟ್ಟೆಗಳನ್ನು 60 ಡಿಗ್ರಿ ನೀರಿನಲ್ಲಿ ಮಷಿನ್‌ಗೆ ಹಾಕಿದೆ. ರೇಷ್ಮೆ ಸೀರೆಗೆ ಅದು ಆಗಲ್ಲ ಅಲ್ವಾ? ಚೀಲದಲ್ಲಿ ಬಿಗಿಯಾಗಿ ಕಟ್ಟಿ ಫ್ರೀಜರ್‌ನಲ್ಲಿಟ್ಟೆ. ಮೈನಸ್ 18 ಡಿಗ್ರಿಯಲ್ಲಿ ನಾಲ್ಕು ದಿನ ಇರಬೇಕು. ಐಸ್‌ಕ್ರೀಮ್ ಹುಡುಕಿದ ಮಗನಿಗೆ ಸೀರೆ ಸಿಕ್ಕಿತು!

ಜಿಪ್, ಚಕ್ರದ ಸಂದಿಗಳಿಗೆಲ್ಲ ವ್ಯಾಕ್ಯೂಮ್ ಹಿಡಿದೆ. ರಕ್ತ ಸಿಗದಿದ್ದರೂ ಇವು ತಿಂಗಳುಗಟ್ಟಲೆ ಬದುಕುತ್ತವೆ. ಸ್ಪ್ರೇ ಮಾತ್ರ ತರಲಿಲ್ಲ. ಎಷ್ಟೋ ಔಷಧಿಗಳಿಗೆ ಈಗಿನ ತಿಗಣೆಗಳು ಜಗ್ಗುವುದಿಲ್ಲ, ಸುಮ್ನೆ ನಮಗೇ ಕೆಮ್ಮು.